ಹಡಗು ವಿಹಾರ: ಟಿಕೆಟ್‌ಗೆ ಮೊದಲು ಊಟದ ವಿಚಾರ ಕೇಳಿ

ಮಾನ್ಯ ಸಂಪಾದಕರಿಗೆ,

ಮಕ್ಕಳ ರಜೆ ಹತ್ತಿರವಾಗುತ್ತಿದ್ದಂತೆ ಸಿಂಗಪುರದಿಂದ ಹೊರಡುವ ಹಡಗು ವಿಹಾರಗಳ ಜಾಹೀರಾತುಗಳು ಎಲ್ಲೆಡೆ ಕಾಣಿಸಿಕೊಳ್ಳುತ್ತವೆ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನಗಳಿರುವುದರಿಂದ, ಮಲೇಷ್ಯಾದ ಪೆನಾಂಗ್ ಮತ್ತು ಥಾಯ್ಲೆಂಡ್‌ನ ಫುಕೆಟ್‌ಗಳನ್ನು ಮುಟ್ಟಿ ಮರಳುವ ಈ ಪ್ರಯಾಣಗಳಿಗೆ ನಮ್ಮ ಕಡೆಯ ಕುಟುಂಬಗಳು ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗುವುದು ಈಗ ಅಪರೂಪವಲ್ಲ. ಈಚೆಗೆ ನಮ್ಮ ಕುಟುಂಬವೂ ಅಂಥದೊಂದು ಪ್ರಯಾಣ ಮುಗಿಸಿ ಬಂದಿದೆ. ಹಡಗಿನ ಈಜುಕೊಳ, ರಂಗಮಂದಿರ, ಮಕ್ಕಳ ಆಟದ ಅಂಕಣಗಳ ಬಗ್ಗೆ ಪ್ರವಾಸದ ಏಜೆಂಟರು ಬಣ್ಣಿಸಿ ಹೇಳುತ್ತಾರೆ. ಊಟದ ಮಾತು ಬಂದಾಗ ಮಾತ್ರ ‘ಎಲ್ಲ ಸಿಗುತ್ತೆ’ ಎಂದು ಮುಗಿಸಿಬಿಡುತ್ತಾರೆ. ಸಿಗುವುದು ನಿಜ, ಆದರೆ ಮುಂಚಿತವಾಗಿ ಕೇಳಿದವರಿಗೆ ಸಿಗುತ್ತದೆ. ಈ ಒಂದು ವಿಷಯ ತಿಳಿಯದೆ ದುಬಾರಿ ಟಿಕೆಟ್ ಕೊಂಡ ಹಿರಿಯರು ಬ್ರೆಡ್ಡು, ಹಣ್ಣು, ಮೊಸರಿನಲ್ಲೇ ದಿನ ಕಳೆಯುವುದನ್ನು ಕಣ್ಣಾರೆ ಕಂಡ ಕಾರಣ ಈ ಪತ್ರ ಬರೆಯುತ್ತಿದ್ದೇನೆ.

ದೊಡ್ಡ ಹಡಗುಗಳಲ್ಲಿ ಟಿಕೆಟ್‌ನ ದರದಲ್ಲೇ ಸೇರಿರುವ ಊಟ ಸಾಮಾನ್ಯವಾಗಿ ಎರಡು ಕಡೆ ದೊರೆಯುತ್ತದೆ. ಒಂದು ಮೇಲಿನ ಅಂತಸ್ತಿನ ಬಫೆ, ಇನ್ನೊಂದು ಕುಳಿತಲ್ಲಿಗೆ ತಂದು ಬಡಿಸುವ ಮುಖ್ಯ ಭೋಜನಶಾಲೆ. ನಮ್ಮವರಲ್ಲಿ ಬಹುಪಾಲು ಜನ ಬಫೆಗೇ ಅಂಟಿಕೊಳ್ಳುತ್ತಾರೆ, ಏಕೆಂದರೆ ಕಣ್ಣಿಗೆ ಕಂಡದ್ದನ್ನು ಆರಿಸಿಕೊಳ್ಳಬಹುದು, ಯಾರೊಂದಿಗೂ ಇಂಗ್ಲಿಷ್‌ನಲ್ಲಿ ಮಾತನಾಡಬೇಕಾಗಿಲ್ಲ. ಆದರೆ ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗೆ ಬಫೆಯಷ್ಟು ಗೊಂದಲದ ಜಾಗ ಇನ್ನೊಂದಿಲ್ಲ. ಪಲ್ಯದ ಸೌಟನ್ನು ಪಕ್ಕದ ಮೀನಿನ ಪಾತ್ರೆಗೆ ಇಟ್ಟು ಹೋಗುವವರಿರುತ್ತಾರೆ. ತರಕಾರಿ ಸೂಪ್ ಎಂದು ಬರೆದಿದ್ದರೂ ಅದನ್ನು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿರಬಹುದು. ಫ್ರೈಡ್ ರೈಸ್‌ನಲ್ಲಿ ಮೊಟ್ಟೆ ಅಥವಾ ಮೀನಿನ ಸಾಸ್ ಇರುವುದು ಆಗ್ನೇಯ ಏಷ್ಯಾದಲ್ಲಿ ಮಾಮೂಲು. ಮುಖ್ಯ ಭೋಜನಶಾಲೆಯಲ್ಲಿ ಇದೆಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಅವಕಾಶವಿರುತ್ತದೆ ಮತ್ತು ಕೇಳುವುದನ್ನು ಅಲ್ಲಿ ಯಾರೂ ತಪ್ಪೆಂದು ಭಾವಿಸುವುದಿಲ್ಲ.

ಭಾರತೀಯ ಹಡಗು ಸಿಬ್ಬಂದಿಯಲ್ಲಿ ಗೋವಾ ಮತ್ತು ನಮ್ಮ ಕರಾವಳಿಯ ಯುವಕರು ಅನೇಕರಿದ್ದಾರೆ. ನಮ್ಮ ಮೇಜಿಗೆ ಬಡಿಸುತ್ತಿದ್ದ ಯುವಕ ಕುಂದಾಪುರದ ಕಡೆಯವನು. ಮೊದಲ ರಾತ್ರಿ ನನ್ನ ತಾಯಿ ತಟ್ಟೆಯನ್ನು ಮುಟ್ಟದೆ ಕುಳಿತಿದ್ದನ್ನು ಗಮನಿಸಿ, ಕನ್ನಡದಲ್ಲೇ, ‘ನಾಳೆಗೆ ಏನು ಬೇಕು ಅಂತ ಇವತ್ತೇ ಹೇಳಿ ಅಮ್ಮ, ಬೆಳಿಗ್ಗೆಯೇ ಅಡುಗೆಮನೆಯಲ್ಲಿ ಲೆಕ್ಕ ಹಾಕಿಬಿಡ್ತಾರೆ’ ಎಂದ. ಮರುದಿನದ ಊಟಕ್ಕೆ ಬಿಸಿ ಅನ್ನ, ಮೆಣಸು ಜೀರಿಗೆ ಕುಟ್ಟಿ ಹಾಕಿದ ತೆಳು ಸಾರು, ಬೇಳೆ, ಒಂದು ಬಟ್ಟಲು ಮೊಸರು ಬಂದವು. ಅದಕ್ಕೆ ಹೆಚ್ಚಿನ ದುಡ್ಡನ್ನೇನೂ ತೆಗೆದುಕೊಳ್ಳಲಿಲ್ಲ. ನಡುಗಡಲಿನಲ್ಲಿ ಸಾಮಾನು ತರಲು ಅಂಗಡಿಯಿಲ್ಲದ್ದರಿಂದ ಬಂದರಿನಲ್ಲಿ ತುಂಬಿಸಿಕೊಂಡದ್ದರಲ್ಲೇ ಸಾವಿರಾರು ಜನರ ಅಡುಗೆ ನಡೆಯಬೇಕು. ಆದ್ದರಿಂದಲೇ ಹಿಂದಿನ ದಿನ ಹೇಳಿದ ಮಾತಿಗೆ ಅಷ್ಟು ಬೆಲೆ. ಜೈನ ಊಟ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಊಟ, ಮಧುಮೇಹಿಗಳ ಊಟ, ಕಡಲೆಕಾಯಿಯಂಥ ಅಲರ್ಜಿ ಇವುಗಳನ್ನು ಟಿಕೆಟ್ ಕಾಯ್ದಿರಿಸುವಾಗಲೇ ಬರೆಸಿ, ಹಡಗು ಹತ್ತಿದ ದಿನ ಹೆಡ್ ವೇಟರ್‌ಗೆ ಇನ್ನೊಮ್ಮೆ ತಿಳಿಸುವುದು ಒಳ್ಳೆಯದು. ರಾತ್ರಿಯ ಊಟಕ್ಕೆ ಬೇಗನೆಯ ಪಂಕ್ತಿ ಮತ್ತು ತಡವಾದ ಪಂಕ್ತಿ ಎಂದು ಎರಡಿದ್ದರೆ, ಮಾತ್ರೆ ತೆಗೆದುಕೊಳ್ಳುವ ಹಿರಿಯರೂ ಚಿಕ್ಕ ಮಕ್ಕಳೂ ಇರುವ ಮನೆಯವರು ಬೇಗನೆಯದನ್ನೇ ಆರಿಸಿಕೊಳ್ಳಬೇಕು; ಅದು ಬೇಗ ಭರ್ತಿಯಾಗುತ್ತದೆ.

ಊರಿನಿಂದ ಬುತ್ತಿ ಕಟ್ಟಿಕೊಂಡು ಹೋಗುವ ವಿಚಾರವನ್ನೂ ಇಲ್ಲಿ ಹೇಳಬೇಕು. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗಿಗೆ ಒಯ್ಯಲು ಸಾಮಾನ್ಯವಾಗಿ ಬಿಡುವುದಿಲ್ಲ. ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣದ ಒಣ ತಿಂಡಿಗೆ ಅಡ್ಡಿಯಿರುವುದು ಕಡಿಮೆ. ಕ್ಯಾಬಿನ್‌ನಲ್ಲಿ ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ, ಊದುಬತ್ತಿ, ದೀಪ ಯಾವುದಕ್ಕೂ ಅವಕಾಶವಿಲ್ಲ, ಏಕೆಂದರೆ ಸಮುದ್ರದ ಮೇಲೆ ಬೆಂಕಿಗಿಂತ ದೊಡ್ಡ ಭಯ ಬೇರೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಅಡುಗೆಮನೆಯಲ್ಲಿ ನಿತ್ಯ ಬಳಸುವ ಗಸಗಸೆಯನ್ನು ಸಿಂಗಪುರಕ್ಕೆ ಒಯ್ಯುವುದು ಅಲ್ಲಿನ ಮಾದಕವಸ್ತು ಕಾನೂನಿನಡಿ ನಿಷಿದ್ಧ. ಮಸಾಲೆ ಪುಡಿಗಳಲ್ಲೂ ಪಾಯಸದ ಮಿಶ್ರಣಗಳಲ್ಲೂ ಅದು ಸೇರಿರಬಹುದಾದ್ದರಿಂದ ಪ್ರೀತಿಯಿಂದ ಕಟ್ಟಿಕೊಟ್ಟ ಡಬ್ಬಿಗಳನ್ನು ಹೊರಡುವ ಮೊದಲು ಒಂದೊಂದಾಗಿ ನೋಡಿಕೊಳ್ಳಬೇಕು.

ಬಂದರುಗಳಲ್ಲಿ ಇಳಿದಾಗ ಸಿಗುವ ಊಟ ಈ ಪ್ರಯಾಣದ ದೊಡ್ಡ ಸಂತೋಷ ಎಂಬುದು ನನ್ನ ಅನಿಸಿಕೆ. ಪೆನಾಂಗ್‌ನಲ್ಲಿ ಹಡಗು ನಿಲ್ಲುವ ಸ್ವೆಟ್ಟನ್‌ಹ್ಯಾಮ್ ಕಟ್ಟೆಯಿಂದ ಜಾರ್ಜ್ ಟೌನ್‌ನ ಲಿಟ್ಲ್ ಇಂಡಿಯಾಗೆ ನಡೆದೇ ಹೋಗಬಹುದು. 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಹಳೆಯ ಪಟ್ಟಣದಲ್ಲಿ ಬಾಳೆ ಎಲೆಯ ಊಟವೂ ಇಡ್ಲಿ ದೋಸೆಯೂ ಸಿಗುತ್ತವೆ, ಮಹಾಮಾರಿಯಮ್ಮನ ದೇವಸ್ಥಾನ ಅಲ್ಲಿಯೇ ಇದೆ. ಮಾಂಸಾಹಾರಿಗಳು ಹುಣಿಸೆ ಹುಳಿಯ ಮೀನಿನ ಸಾರಿನಲ್ಲಿ ಶಾವಿಗೆ ಹಾಕಿಕೊಡುವ ಆಸಾಂ ಲಕ್ಸಾವನ್ನು ತಪ್ಪದೆ ತಿನ್ನಬೇಕು. ನಮ್ಮ ಕರಾವಳಿಯ ಮೀನಿನ ಸಾರು ತಿಂದು ಬೆಳೆದವರಿಗೆ ಅದರ ಹುಳಿಖಾರ ಹೊಸದೆನಿಸುವುದಿಲ್ಲ. ಸಸ್ಯಾಹಾರಿಗಳು ಮಾತ್ರ ಸೊಪ್ಪಿನ ಪಲ್ಯವನ್ನೂ ವಿಚಾರಿಸಿಯೇ ತಿನ್ನಬೇಕು, ಏಕೆಂದರೆ ಮಲೇಷ್ಯಾದ ಅಡುಗೆಯಲ್ಲಿ ಬೆಲಾಚಾನ್ ಎಂಬ ಸಿಗಡಿಯ ಹಿಂಡಿ ಎಲ್ಲೆಂದರಲ್ಲಿ ಸೇರಿರುತ್ತದೆ. ತೆಂಗಿನ ಹಾಲು, ತಾಳೆಬೆಲ್ಲ, ಹಸಿರು ಶಾವಿಗೆಯ ತುಣುಕುಗಳು, ಪುಡಿ ಮಾಡಿದ ಐಸ್ ಬೆರೆಸಿದ ಚೆಂಡೋಲ್ ಎಲ್ಲರಿಗೂ ಹಿಡಿಸುತ್ತದೆ. ನಮ್ಮ ಮಕ್ಕಳು ಬಟ್ಟಲಿನ ತಳದ ಬೆಲ್ಲವನ್ನೂ ಬಿಡಲಿಲ್ಲ. ಫುಕೆಟ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ಗುರುತಿರುವ ‘ಜೇ’ ಊಟದ ಅಂಗಡಿಗಳಿವೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಬೆಳ್ಳುಳ್ಳಿ ಈರುಳ್ಳಿಯನ್ನೂ ಬಳಸುವುದಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ನೆಮ್ಮದಿ ಕೊಡುವ ಸಂಗತಿ.

ಫುಕೆಟ್‌ನಲ್ಲಿ ಇಳಿಯುವವರಿಗೆ ಗಡಿಯಾರದ ಬಗ್ಗೆ ಒಂದು ಎಚ್ಚರಿಕೆ. ಥಾಯ್ಲೆಂಡ್‌ನ ಸಮಯ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದಿದೆ. ಹಡಗು ತನ್ನ ಸಮಯವನ್ನು ಬದಲಿಸದಿದ್ದರೆ, ದಡಕ್ಕಿಳಿದ ಕೂಡಲೇ ತಾನಾಗಿ ಬದಲಾಗುವ ಮೊಬೈಲ್ ಗಡಿಯಾರವನ್ನು ನಂಬಿದವರು ಒಂದು ಗಂಟೆ ತಡವಾಗಿ ಮರಳುತ್ತಾರೆ, ಹಡಗು ಕಾಯುವುದಿಲ್ಲ. ಸಾಮಾನ್ಯ ಕೈಗಡಿಯಾರವೊಂದನ್ನು ಹಡಗಿನ ಸಮಯಕ್ಕೆ ಹೊಂದಿಸಿ ಕಟ್ಟಿಕೊಳ್ಳುವುದು ಸುರಕ್ಷಿತ. ಮೊಬೈಲನ್ನಂತೂ ಸಮುದ್ರದ ಮೇಲೆ ಏರೋಪ್ಲೇನ್ ಮೋಡ್‌ನಲ್ಲೇ ಇಡಬೇಕು; ಹಡಗಿನ ಉಪಗ್ರಹ ಜಾಲಕ್ಕೆ ಅದು ತಾನಾಗಿ ಸೇರಿಕೊಂಡರೆ ರೋಮಿಂಗ್ ಬಿಲ್ ಗಾಬರಿ ಹುಟ್ಟಿಸುವಷ್ಟು ಬರಬಹುದು.

ಹಡಗಿನಲ್ಲಿ ಹೊಟ್ಟೆ ಕೆಟ್ಟು ಆರೋಗ್ಯ ಹದಗೆಡುವುದುಂಟು. ವಾಂತಿ ಭೇದಿ ತರುವ ನೊರೊವೈರಸ್ ಮುಚ್ಚಿದ ಜಾಗದಲ್ಲಿ ಬೇಗ ಹರಡುತ್ತದೆ. ಬಾಗಿಲಲ್ಲಿ ಕೊಡುವ ಸ್ಯಾನಿಟೈಸರ್ ಅದಕ್ಕೆ ಸಾಲದು, ಸೋಪು ಹಚ್ಚಿ ಚೆನ್ನಾಗಿ ಕೈ ತೊಳೆಯಬೇಕು. ಕೈಯಲ್ಲಿ ಊಟ ಮಾಡುವ ನಮಗೆ ಇದು ಇನ್ನೂ ಮುಖ್ಯ. ಅಲೆಯ ಓಲಾಟಕ್ಕೆ ತಲೆಸುತ್ತು ಬರುವವರು ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕ್ಯಾಬಿನ್ ಕೇಳಿ ಪಡೆಯಬೇಕು ಮತ್ತು ವೈದ್ಯರು ಹೇಳಿದ ಮಾತ್ರೆಯನ್ನು ತಲೆಸುತ್ತು ಶುರುವಾಗುವ ಮೊದಲೇ ತೆಗೆದುಕೊಳ್ಳಬೇಕು. ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆಗಳು ಕ್ಯಾಬಿನ್ ತಲುಪುವಾಗ ಸಂಜೆಯಾಗಬಹುದಾದ್ದರಿಂದ ಔಷಧಿ, ಪಾಸ್‌ಪೋರ್ಟ್, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಬೇಕು. ಹಡಗಿನ ವೈದ್ಯರ ಶುಲ್ಕ ಬಹಳ ದುಬಾರಿ, ಆದ್ದರಿಂದ ಪ್ರಯಾಣ ವಿಮೆ ಮಾಡಿಸದೆ ಹಿರಿಯರನ್ನು ಕರೆದೊಯ್ಯುವುದು ತರವಲ್ಲ. ಗರ್ಭಿಣಿಯರಿಗೆ 24ನೇ ವಾರದ ನಂತರ ಬಹುತೇಕ ಹಡಗುಗಳಲ್ಲಿ ಪ್ರವೇಶವಿಲ್ಲ.

ದಾಖಲೆಗಳ ವಿಷಯದಲ್ಲಿ, ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಹಡಗು ಸಿಂಗಪುರ ಬಿಟ್ಟು ಮತ್ತೆ ಅಲ್ಲಿಗೇ ಬರುವುದರಿಂದ ಅಲ್ಲಿನ ವೀಸಾ ಒಂದಕ್ಕಿಂತ ಹೆಚ್ಚು ಬಾರಿಯ ಪ್ರವೇಶಕ್ಕೆ ಸಲ್ಲುವಂತಿದೆಯೇ ಎಂದು ನೋಡಿಕೊಳ್ಳಬೇಕು.

ಕೊನೆಯದಾಗಿ ಪ್ರವಾಸ ಸಂಸ್ಥೆಗಳಲ್ಲಿ ಒಂದು ಕೋರಿಕೆ. ಸಿಬ್ಬಂದಿಗೆಂದು ತಲೆಗೆ ಇಷ್ಟರಂತೆ ಪ್ರತಿದಿನ ಸೇರಿಸುವ ಭಕ್ಷೀಸು, ಇಂಟರ್ನೆಟ್, ತಂಪು ಪಾನೀಯಗಳು, ವಿಶೇಷ ರೆಸ್ಟೊರೆಂಟ್‌ಗಳ ಊಟ, ದಡದ ಸುತ್ತಾಟ ಇವು ಸಾಮಾನ್ಯವಾಗಿ ಟಿಕೆಟ್ ದರದಲ್ಲಿ ಸೇರಿರುವುದಿಲ್ಲ. ಏನೇನು ಸೇರಿದೆ, ಏನೇನು ಸೇರಿಲ್ಲ, ಯಾವ ಬಗೆಯ ಊಟಕ್ಕೆ ಎಷ್ಟು ದಿನ ಮುಂಚೆ ತಿಳಿಸಬೇಕು ಎಂಬುದನ್ನು ಕನ್ನಡದಲ್ಲಿ ಒಂದು ಪುಟದಲ್ಲಿ ಬರೆದು, ಮುಂಗಡ ಹಣ ಪಡೆಯುವ ಮೊದಲೇ ಗ್ರಾಹಕರ ಕೈಗೆ ಕೊಡಲಿ. ಪತ್ರಿಕೆಯೂ ತನ್ನ ಪ್ರವಾಸ ಪುಟದಲ್ಲಿ ಹಡಗು ವಿಹಾರದ ಊಟ ಮತ್ತು ಒಟ್ಟು ಖರ್ಚಿನ ಬಗ್ಗೆ ವಿವರವಾದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ಓದುಗರು, ಮೈಸೂರು