ಅಪ್ಪ ಈಗ ಬಾಯಲ್ಲೇ ಊಟ ಮಾಡ್ತಿದ್ದಾರೆ

ಹೊಟ್ಟೆಗೆ ಆಹಾರ ಇಳಿಸೋಕೆ ಅಪ್ಪನ ಮೂಗಿಗೆ ಹಾಕಿದ್ದ ನಳಿಕೆ (ರೈಲ್ಸ್ ಟ್ಯೂಬ್) ನಿನ್ನೆ ತೆಗೆದರು. ಮೆತ್ತಗೆ ಕಲಸಿದ ಅನ್ನ ಸಾರು ನಿಧಾನಕ್ಕೆ ಇಳಿಯುತ್ತಿದೆ. ವಿಚಾರಿಸಿದವರಿಗೆಲ್ಲ ಫೋನಲ್ಲಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಈ ಬರಹ.

ಆಗಿದ್ದು ಸ್ಟ್ರೋಕ್. ಮೆದುಳನ್ನು ಬೆನ್ನುಹುರಿಗೆ ಸೇರಿಸುವ ಮೆದುಳಿನ ಕಾಂಡದ ಕೆಳಭಾಗದಲ್ಲಿ, ಒಂದು ಪಕ್ಕಕ್ಕೆ ರಕ್ತ ಹೋಗುವುದು ನಿಂತಿತ್ತು. ವಾಲೆನ್‌ಬರ್ಗ್ ಸಿಂಡ್ರೋಮ್ ಅಂತಾರೆ. ಲಕ್ವ ಅಂದರೆ ಬಾಯಿ ಸೊಟ್ಟಗಾಗಬೇಕು, ಕೈ ಬೀಳಬೇಕು ಅಲ್ವಾ? ಅಪ್ಪನಿಗೆ ಎರಡೂ ಇಲ್ಲ. ತಲೆ ಗಿರ್ರನೆ ತಿರುಗುವುದು, ವಾಂತಿ, ದನಿ ಗೊಗ್ಗರು, ಎಷ್ಟು ಹೊತ್ತಾದರೂ ನಿಲ್ಲದ ಬಿಕ್ಕಳಿಕೆ. ಮೊದಲು ಹೋದ ಕಡೆ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದರು. ಬಿಕ್ಕಳಿಕೆ ನೋಡಿ 'ಯಾರೋ ನೆನೆಸ್ಕೋತಿದಾರೆ' ಅಂದವರೂ ಉಂಟು!

ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರಮ್ಮನಿಗೆ ಎಷ್ಟು ನಮಸ್ಕಾರ ಹೇಳಿದರೂ ಕಡಿಮೆ. ಅವರು ಅಪ್ಪನನ್ನು ಹಾಸಿಗೆಯಿಂದ ಎಬ್ಬಿಸಿ ನಿಲ್ಲಿಸಿದರು, ಅಷ್ಟೇ. ಅಪ್ಪ ಎಡಕ್ಕೇ ವಾಲಿದರು. ಆಮೇಲೆ ನೋಡಿದರೆ ಎಡಗಣ್ಣಿನ ರೆಪ್ಪೆ ಸ್ವಲ್ಪ ಜೋತಿದೆ, ಪಾಪೆ ಚಿಕ್ಕದಾಗಿದೆ, ತಣ್ಣಗಿರುವುದನ್ನು ಮುಟ್ಟಿಸಿದರೆ ಮುಖದಲ್ಲಿ ಎಡಗಡೆ ತಿಳಿಯುತ್ತಿಲ್ಲ, ಮೈಯಲ್ಲಿ ಮಾತ್ರ ಬಲಗಡೆ ತಿಳಿಯುತ್ತಿಲ್ಲ. ಹೀಗೆ ಅದಲುಬದಲಾಗಿದ್ದರೆ ಕಾಂಡದ ಮೇಲೆ ಅನುಮಾನ ಪಡಬೇಕಂತೆ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು. ಆ ಜಾಗದ್ದು ಸಿಟಿಯಲ್ಲಿ ಎಷ್ಟೋ ಸಲ ಕಾಣಲ್ಲ ಅಂತ ಹೇಳಿ ಎಂಆರ್‌ಐಗೆ ಕಳಿಸಿದರು, ಅಲ್ಲಿ ಸಿಕ್ಕಿಬಿತ್ತು.

ವಾರ್ಡಿನ ಸಿಸ್ಟರ್‌ಗೂ ಋಣಿ. ಅಮ್ಮ ಒಂದು ಗುಟುಕು ಕಾಫಿ ಕುಡಿಸೋಣ ಅಂತ ಹೋದಾಗ ಲೋಟ ಹಿಡಿದುಕೊಂಡರು. ನುಂಗೋಕೆ ಆಗದವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ನುಂಗುವುದನ್ನು ಮತ್ತೆ ಕಲಿಸಿದ ಥೆರಪಿಸ್ಟ್ ಹುಡುಗಿಯ ತಾಳ್ಮೆ ನನಗಂತೂ ಇಲ್ಲ. ನೀರಿಗಿಂತ ಗಟ್ಟಿ ರಾಗಿ ಗಂಜಿ ಸುಲಭ, ತಲೆ ಎಡಕ್ಕೆ ತಿರುಗಿಸಿ ನುಂಗಿದರೆ ಗಂಟಲಿನ ಚೆನ್ನಾಗಿರುವ ಬಲಗಡೆಯಿಂದ ಇಳಿಯುತ್ತದೆ, ಇವೆಲ್ಲ ಅವಳಿಂದಲೇ ಗೊತ್ತಾಗಿದ್ದು.

ಇದನ್ನು ಇಷ್ಟುದ್ದ ಬರೆದಿದ್ದಕ್ಕೆ ಕಾರಣ ಇದೆ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ನಮಗೆ ಅದು ಮೀರಿಹೋಗಿತ್ತು. ಇದ್ದಕ್ಕಿದ್ದಂತೆ ತಲೆ ತಿರುಗಿ, ನಿಲ್ಲೋಕೆ ಆಗದೆ, ಜೊತೆಗೆ ನುಂಗೋಕೂ ಕಷ್ಟವಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಮಧ್ಯರಾತ್ರಿ ಕಾರು ತೆಗೆದ ಪಕ್ಕದ ಮನೆ ಅಣ್ಣನಿಗೂ ಥ್ಯಾಂಕ್ಸ್. ನೋಡೋಕೆ ಬರುವವರು ಭಾನುವಾರದ ಮೇಲೆ ಬನ್ನಿ. ಅಪ್ಪನನ್ನು ಜಾಸ್ತಿ ಮಾತಾಡಿಸಬೇಡಿ, ಸ್ವೀಟ್ ತರಬೇಡಿ, ಶುಗರ್ ಇದೆ.