ಈ ಸಲ ದರಗಿಗೆ ಹೋಗುವ ಮೊದಲು

ವಿಯೆನ್ನಾ
ನವೆಂಬರ್ ಕೊನೆ

ಪ್ರೀತಿಯ ಅಪ್ಪಯ್ಯ, ಅಮ್ಮ,

ನಾನು ಚೆನ್ನಾಗಿದ್ದೇನೆ. ಅಡಿಕೆ ಕೊನೆಕೊಯ್ಲು ಶುರುವಾಯಿತು ಅಂತ ಅಮ್ಮ ಹೇಳಿದಳು. ಅದು ಮುಗಿದರೆ ಅಪ್ಪಯ್ಯ ಕೊಟ್ಟಿಗೆಗೆ ದರಗು (ಒಣ ತರಗೆಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಹೋಗೇ ಹೋಗುತ್ತಾರೆ. ಅದಕ್ಕೂ ಮೊದಲು ಇದು ನಿಮ್ಮ ಕೈ ಸೇರಲಿ ಅಂತ ಬರೆಯುತ್ತಿದ್ದೇನೆ. ಫೋನಿನಲ್ಲಿ ಮಂಗನ ಕಾಯಿಲೆಯ, ಅಂದರೆ ಕಾಡಿನ ಉಣುಗು (ಉಣ್ಣೆ) ಕಚ್ಚಿ ಬರುವ ಆ ಜ್ವರದ ಮಾತು ಎತ್ತಿದರೆ "ಆಯ್ತು ಬಿಡು, ನೋಡೋಣ" ಅಂದುಬಿಡುತ್ತೀರಿ. ಕಾಗದವಾದರೆ ಪೂರ್ತಿ ಓದುತ್ತೀರಿ.

ಅಮ್ಮ ಹೋದ ಸಲ ಕೇಳಿದ್ದೆಯಲ್ಲ, "ಅಲ್ಲಿ ಉಣುಗಿನ ಕಾಯಿಲೆಗೆ ಸೂಜಿ ಇದೆಯಂತೆ, ಅದನ್ನೇ ಇಲ್ಲಿಗೂ ತರಬಾರದಾ?" ಅಂತ. ಒಳ್ಳೆಯ ಪ್ರಶ್ನೆ ಅಮ್ಮ.

ಇಲ್ಲಿನ ಕಾಡಿನಲ್ಲೂ ಉಣುಗು ಇದೆ. ಅದು ಕಚ್ಚಿದರೆ ಒಂಥರಾ ಮೆದುಳು ಜ್ವರ ಬರುತ್ತದೆ. ಆ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ದಾಯಾದಿಗಳು, ಒಂದೇ ಕುಲ. ಎಪ್ಪತ್ತರ ದಶಕದಲ್ಲಿ ಆಸ್ಟ್ರಿಯಾದಲ್ಲಿ ವರ್ಷಕ್ಕೆ ನೂರಾರು ಜನ ಇದರಿಂದ ಆಸ್ಪತ್ರೆ ಸೇರುತ್ತಿದ್ದರು. ಇವರೇ ಲಸಿಕೆ ಮಾಡಿಕೊಂಡರು. 1981ರಿಂದ ದೇಶಕ್ಕೆಲ್ಲ ಹಾಕಲು ಹೊರಟರು. ಈಗ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಹಾಕಿಸಿಕೊಂಡಿದ್ದಾರೆ, ಕಾಯಿಲೆ ಎಷ್ಟೋ ಇಳಿದಿದೆ. ಮೊದಲು ಮೂರು ಡೋಸ್, ಆಮೇಲೆ ಕೆಲವು ವರ್ಷಕ್ಕೊಮ್ಮೆ ಒಂದೊಂದು. ನಾನೂ ಹಾಕಿಸಿಕೊಂಡಿದ್ದೇನೆ.

ಆದರೆ ಅದು ನಮ್ಮ ಕಾಯಿಲೆಗೆ ನಡೆಯುವುದಿಲ್ಲ. ಲಸಿಕೆ ಅಂದರೆ ವೈರಸ್ಸಿನ ಹೊರಕವಚದ ಗುರುತನ್ನು ಮೈಗೆ ಮೊದಲೇ ಹಿಡಿಸುವುದು. ಈ ಎರಡು ವೈರಸ್ಸುಗಳ ಕವಚ ನೋಡಲು ಹತ್ತಿರ ಹತ್ತಿರ ಇದ್ದರೂ ಒಂದೇ ಅಲ್ಲ. ಮತ್ತೆ, ಇದನ್ನು ಮಾಡಿ ನೋಡಿದ್ದೂ ಆಗಿದೆ! 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವಲ್ಲ, ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹಳದಿ ಜ್ವರವೇ ದೇಶಕ್ಕೆ ಬಂತೇನೋ ಅಂತ ಹೆದರಿ ಓಡಿ ಬಂದರು. ನೋಡಿದರೆ ರಷ್ಯಾ ಕಡೆಯ ಉಣುಗಿನ ವೈರಸ್ಸಿನ ಸಂಬಂಧಿ. ಹಾಗಾದರೆ ರಷ್ಯಾದ ಆ ವೈರಸ್ಸಿನ ಲಸಿಕೆಯೇ ಆಗಬಹುದು ಅಂತ ಶಿವಮೊಗ್ಗ ಜಿಲ್ಲೆಯ ಜನರಿಗೆ ಹಾಕಿ ನೋಡಿದರು. ಅದು ಕಾಪಾಡಲಿಲ್ಲ.

ಅಪ್ಪಯ್ಯ, ನೀವು ಯಾವಾಗಲೂ "ನಮ್ಮ ದನದ ಮೈಮೇಲಿನ ಉಣುಗು ನಾವು ನೋಡದ್ದಾ" ಅನ್ನುತ್ತೀರಿ. ದನದ ಕಿವಿಯಲ್ಲಿ ರಕ್ತ ಕುಡಿದು ಉಬ್ಬಿ ಕೂತಿರುತ್ತದಲ್ಲ, ಅದು ಕಣ್ಣಿಗೆ ಬೀಳುತ್ತದೆ. ನಮಗೆ ಕಾಯಿಲೆ ತರುವುದು ಹೆಚ್ಚಾಗಿ ಅದರ ಮರಿ. ಎಳ್ಳಿನ ಕಾಳಿನಷ್ಟು ಇರುತ್ತದೆ. ಮಳೆಗಾಲ ಮುಗಿದ ಮೇಲೆ ಮೊಟ್ಟೆಯೊಡೆದು ಬಂದು, ಇಲಿ, ಹೆಗ್ಗಣ, ಮಂಗಗಳ ರಕ್ತ ಕುಡಿದು ಬೆಳೆದು, ಡಿಸೆಂಬರಿನಿಂದ ಮೇವರೆಗೆ ದರಗಿನಲ್ಲಿ, ಪೊದೆಯಲ್ಲಿ ಕಾದಿರುತ್ತದೆ. ನೀವು ದರಗು ಗುಡಿಸಿ ಕಲ್ಲಿಗೆ (ಹಗ್ಗದ ಬಲೆಗೆ) ತುಂಬುವ ಕಾಲವೂ ಅದೇ.

ಅದು ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಉಣುಗಿನ ಜೊಲ್ಲಿನಲ್ಲಿ ನೋವು ಗೊತ್ತಾಗದಂತೆ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶಗಳಿವೆ. ಕಚ್ಚಿದ ಜಾಗದಲ್ಲಿ ಮೈಯ ಕಾವಲನ್ನೂ ಅವು ಮಂಕು ಮಾಡುತ್ತವೆ. ಆ ಜೊಲ್ಲಿನ ಜೊತೆಗೇ ವೈರಸ್ ಒಳಗೆ ಬರುತ್ತದೆ. ಚರ್ಮದಡಿ ಕಾವಲಿಗಿರುವ ಜೀವಕಣಗಳೇ ಅದನ್ನು ಹಿಡಿಯುತ್ತವೆ. ಆದರೆ ಈ ಜಾತಿಯ ವೈರಸ್ ಸಿಕ್ಕಿಬಿದ್ದ ಕಣದೊಳಗೇ ಬೆಳೆಯುತ್ತದೆ, ಅಲ್ಲಿಂದ ರಕ್ತಕ್ಕೆ ಇಳಿಯುತ್ತದೆ. ಲ್ಯಾಬಿನಲ್ಲಿ ದಿನವೂ ಇದನ್ನೇ ನೋಡುತ್ತೇನೆ. ನೋಡಿದಾಗೆಲ್ಲ ನಮ್ಮ ಬೆಟ್ಟ ನೆನಪಾಗಿ ಹೊಟ್ಟೆಯಲ್ಲಿ ತಳಮಳವಾಗುತ್ತದೆ.

ಮೂರರಿಂದ ಎಂಟು ದಿನದೊಳಗೆ ಚಳಿ, ಜ್ವರ. ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು, ಕಣ್ಣು ಕೆಂಪು. ಜ್ವರ ಏರಿಸಿಕೊಳ್ಳುವುದು ನಮ್ಮ ಮೈಯೇ, ವೈರಸ್ಸಿನ ಜೊತೆ ಹೊಡೆದಾಡಲು. ಈ ಹೊತ್ತಿನಲ್ಲಿ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿಯುತ್ತವೆ. ಕೆಲವರಿಗೆ ವಸಡು, ಮೂಗಿನಲ್ಲಿ ರಕ್ತ ಬರುತ್ತದೆ. ವಾರ ಕಳೆಯುವ ಹೊತ್ತಿಗೆ ವೈರಸ್ಸನ್ನು ಗುರುತು ಹಿಡಿಯುವ ಪ್ರತಿಕಾಯಗಳು ತಯಾರಾಗುತ್ತವೆ. ಹೆಚ್ಚಿನವರು ಎರಡು ವಾರದಲ್ಲಿ ಎದ್ದು ಕೂರುತ್ತಾರೆ, ಸುಸ್ತು ಮಾತ್ರ ಬಹಳ ದಿನ ಬಿಡುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ಆಮೇಲಿನದ್ದಕ್ಕೆ. ನೂರರಲ್ಲಿ ಹತ್ತಿಪ್ಪತ್ತು ಜನಕ್ಕೆ ಜ್ವರ ಬಿಟ್ಟು, ಇನ್ನೇನು ಗುಣವಾಯಿತು ಅನ್ನುವಾಗ ಮೂರನೇ ವಾರ ಮತ್ತೆ ಬರುತ್ತದೆ. ಆಗ ಕುತ್ತಿಗೆ ಬಿಗಿತ, ನಡುಕ, ಕಣ್ಣು ಮಂಜು, ಮಾತು ತಡವರಿಕೆ. ಜ್ವರ ಬಿಟ್ಟ ಮರುದಿನವೇ ತೋಟಕ್ಕಿಳಿಯುವ ಅಭ್ಯಾಸ ನಿಮಗಿದೆ ಅಪ್ಪಯ್ಯ, ಅದಕ್ಕೇ ಇಷ್ಟು ಬಿಡಿಸಿ ಬರೆದೆ. ಕಾಯಿಲೆ ಬಿದ್ದ ನೂರು ಜನರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತಸ್ರಾವ ಎಲ್ಲ ನೋಡಿಕೊಂಡು ಡಾಕ್ಟರು ದಾಟಿಸುತ್ತಾರೆ. ಮನೆಯಲ್ಲಿರುವ ಮೈಕೈ ನೋವಿನ ಮಾತ್ರೆ ಸುಮ್ನೆ ನುಂಗಬೇಡಿ. ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿಯಾಗುತ್ತದೆ.

ನಮ್ಮದೇ ಲಸಿಕೆಯ ಕಥೆ ನೆನೆದರೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ. ಕೋಳಿಮೊಟ್ಟೆಯ ಭ್ರೂಣದ ಕಣಗಳಲ್ಲಿ ವೈರಸ್ ಬೆಳೆಸಿ ಮಾಡಿದ ಲಸಿಕೆಯನ್ನು 1990ರಿಂದ ನಮ್ಮ ಕಡೆ ಹಾಕುತ್ತಿದ್ದರು. ನೀವೂ ಹಾಕಿಸಿಕೊಂಡವರೇ. 2005ರಿಂದ 2010ರ ಲೆಕ್ಕ ನೋಡಿದವರ ಪ್ರಕಾರ ಎರಡು ಡೋಸಿಗೆ ನೂರಕ್ಕೆ ಸುಮಾರು 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ರಕ್ಷಣೆ. ತೋಳು ನೋಯುತ್ತದೆ, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕು ಅಂತ ಎಷ್ಟೋ ಜನ ಬೂಸ್ಟರಿಗೆ ಹೋಗಲೇ ಇಲ್ಲ. ಬರಬರುತ್ತಾ ಲಸಿಕೆಯ ಬಲವೂ ಕುಂದಿತು. 2022ರಲ್ಲಿ ಅದು ನಿಂತೇಹೋಯಿತು. ಈಗ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೊಸದನ್ನು ಮಾಡಿಸುತ್ತಿದೆ. ಇಲ್ಲಿ ವಾರದ ಕೊನೆಗೆ ಕಾಡು ಸುತ್ತಲು ಹೋಗುವವರಿಗೂ ಲಸಿಕೆ ಇದೆ. ನಮ್ಮಲ್ಲಿ ಸೌದೆಗೆ, ದರಗಿಗೆ ಕಾಡಿಗೆ ಹೋಗಲೇಬೇಕಾದವರಿಗೆ ಈಗ ಏನೂ ಇಲ್ಲ. ಇದು ಅನ್ಯಾಯ ಅಲ್ವಾ?

ಲಸಿಕೆ ಬರುವ ತನಕ ಇರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆ ಮತ್ತು ನಮ್ಮ ಎಚ್ಚರ. ಎಣ್ಣೆ ವಾಸನೆ ಅಂತ ಜಗಲಿ ಮೂಲೆಯಲ್ಲಿ ಇಡಬೇಡಿ. ಕೈಕಾಲು, ಕುತ್ತಿಗೆಗೆ ಹಚ್ಚಿಕೊಂಡೇ ಹೊರಡಿ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಬಂದವರು ಸೀದಾ ಬಚ್ಚಲಿಗೆ ಹೋಗಿ, ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ದರಗಿನ ರಾಶಿಯ ಮೇಲೆ ಕೂತು ಕವಳ ಹಾಕುವುದೂ ಬೇಡ.

ತೋಟದ ಮೇಲ್ಗಡೆ ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಬೇಡಿ. ಮಂಗ ಸತ್ತು ತಣ್ಣಗಾದರೆ ಮೈಮೇಲಿನ ಉಣುಗೆಲ್ಲ ಕೆಳಗಿಳಿದು ಸುತ್ತ ಹರಡುತ್ತವೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ಸುತ್ತಲೂ ಉಣುಗು ಸಾಯುವ ಪುಡಿ ಹಾಕಿಸುತ್ತಾರೆ. 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಈ ಕಾಯಿಲೆ ಹರಡಿ ಜನ ಸತ್ತದ್ದು ನಿಮಗೂ ಗೊತ್ತಲ್ಲ. ಮಂಗ ಸತ್ತ ಸುದ್ದಿ ಒಂದು ದಿನ ಮೊದಲು ತಿಳಿದರೂ ಊರಿಗೆ ಅಷ್ಟು ಉಪಕಾರ.

ಜ್ವರ ಬಂದವರನ್ನು ದೂರ ಇಡುವುದು ಬೇಡ ಅಮ್ಮ. ಇದು ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಪಕ್ಕದ ಮನೆಯವರಿಗೂ ಹೇಳು. ಯಾರಿಗೇ ಜ್ವರ ಬಂದರೂ ಕಾಡಿಗೆ ಹೋಗಿದ್ದೆವು ಅಂತ ಆಸ್ಪತ್ರೆಯಲ್ಲಿ ಮೊದಲೇ ಹೇಳಬೇಕು. ಆಗ ರಕ್ತವನ್ನು ಬೇಗ ಪರೀಕ್ಷೆಗೆ ಕಳಿಸುತ್ತಾರೆ. ಶುರುವಿನ ದಿನಗಳಲ್ಲಾದರೆ ರಕ್ತದಲ್ಲಿ ವೈರಸ್ಸೇ ಸಿಗುತ್ತದೆ, ತಡವಾದರೆ ಪ್ರತಿಕಾಯ ಹುಡುಕಬೇಕು.

ಎಣ್ಣೆ ಕೊಡಲು ಈ ವರ್ಷ ಯಾರಾದರೂ ಬಂದರಾ? ಬಂದಿಲ್ಲದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ ತನ್ನಿ, ಮನೆಗೆ ಕೆಲಸಕ್ಕೆ ಬರುವವರಿಗೂ ಸೇರಿಸಿ. ಭಾನುವಾರ ಫೋನ್ ಮಾಡುತ್ತೇನೆ. ಎಷ್ಟು ಬಾಟಲಿ ಸಿಕ್ಕಿತು ಅಂತ ಮೊದಲು ಹೇಳಿ.

ಇಂತಿ ನಿಮ್ಮ ಪ್ರೀತಿಯ
ಮಗಳು