ಸುಂಕದ ಜಗಳ: ಒಬ್ಬರ ಸಿಟ್ಟಲ್ಲ, ಹಳೆಯ ಬಾಕಿ

ಮಾನ್ಯ ಸಂಪಾದಕರೇ,

ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟದ ನಡುವಿನ ಸುಂಕದ ಜಟಾಪಟಿಯ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬಹುಪಾಲು ವರದಿಗಳು, ವಿಶ್ಲೇಷಣೆಗಳು ಅದನ್ನು ಡೊನಾಲ್ಡ್ ಟ್ರಂಪ್ ಅವರ ಸ್ವಭಾವದಿಂದಲೇ ಹುಟ್ಟಿದ ಜಗಳವೆಂಬಂತೆ ಚಿತ್ರಿಸುತ್ತಿವೆ. ಅವರು ಅಧಿಕಾರದಿಂದ ಇಳಿದ ಮರುದಿನವೇ ಎಲ್ಲವೂ ಮೊದಲಿನಂತಾಗುತ್ತದೆ ಎಂದು ಓದುಗರು ಭಾವಿಸಿದರೆ ಆಶ್ಚರ್ಯವಿಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಹನ್ನೊಂದು ವರ್ಷ ಯಂತ್ರೋಪಕರಣಗಳ ಕಾರ್ಖಾನೆಯೊಂದರಲ್ಲಿ ದುಡಿದು ಊರಿಗೆ ಮರಳಿರುವ ನನಗೆ ಈ ಚಿತ್ರಣ ಅರ್ಧ ಸತ್ಯವೆನಿಸುತ್ತದೆ. ಈ ಮುನಿಸಿಗೆ ಅರವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ರಕ್ಷಣೆಯ ಋಣವನ್ನು ವ್ಯಾಪಾರದ ಖಾತೆಗೆ ಹಾಕಿ ವಸೂಲು ಮಾಡುವ ಅಭ್ಯಾಸವೇ ಅದರ ಬೇರು ಎಂಬುದನ್ನು ನಿದರ್ಶನಗಳ ಸಹಿತ ತಮ್ಮ ಗಮನಕ್ಕೆ ತರಬಯಸುತ್ತೇನೆ.

ಮೊದಲ ನಿದರ್ಶನ ಕೋಳಿಯದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ದೊಡ್ಡ ದೊಡ್ಡ ಫಾರಂಗಳಲ್ಲಿ ಬೆಳೆದ ಅಗ್ಗದ ಕೋಳಿ ಮಾಂಸ ಹಡಗಿನಲ್ಲಿ ಪಶ್ಚಿಮ ಜರ್ಮನಿಗೆ ಬರತೊಡಗಿತು. ಅಲ್ಲಿಯವರೆಗೆ ಹಬ್ಬದ ಊಟವಾಗಿದ್ದ ಕೋಳಿ ದಿನದ ಊಟವಾಯಿತು. ಅಲ್ಲಿನ ರೈತರು ಕಂಗಾಲಾದರು. 1962ರಲ್ಲಿ ಇಂದಿನ ಯುರೋಪಿಯನ್ ಒಕ್ಕೂಟದ ಮೂಲರೂಪವಾದ, ಯುರೋಪಿನ ಆರು ರಾಷ್ಟ್ರಗಳ ಆರ್ಥಿಕ ಸಮುದಾಯವು ತನ್ನ ಹೊಸ ಕೃಷಿ ನೀತಿಯಡಿ ಆಮದು ಕೋಳಿಯ ಮೇಲೆ ಭಾರಿ ಸುಂಕ ಹೇರಿದ್ದರಿಂದ ಅಮೆರಿಕದ ರಫ್ತು ಕುಸಿಯಿತು. ಆ ಅವಧಿಯಲ್ಲಿ ಅಧ್ಯಕ್ಷ ಕೆನಡಿ ಅವರೊಂದಿಗೆ ತಾವು ನಡೆಸಿದ ಪತ್ರವ್ಯವಹಾರದ ಅರ್ಧ ಭಾಗ ಕೋಳಿಯ ಬಗ್ಗೆಯೇ ಇತ್ತೆಂದು ಪಶ್ಚಿಮ ಜರ್ಮನಿಯ ಚಾನ್ಸಲರ್ ಕೊನ್ರಾಡ್ ಅಡೆನಾವರ್ ಹೇಳಿದ್ದು ದಾಖಲಾಗಿದೆ. ಬರ್ಲಿನ್ ಗೋಡೆ ಎದ್ದು ಇನ್ನೂ ಎರಡು ವರ್ಷವಾಗಿರದ, ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟು ಆಗಷ್ಟೇ ತಣ್ಣಗಾಗಿದ್ದ ಕಾಲವದು. ಕೋಳಿ ಸಾಕಣೆಯೇ ಜೀವಾಳವಾದ ಅರ್ಕನ್ಸಾ ರಾಜ್ಯದ ಸೆನೆಟರ್ ವಿಲಿಯಂ ಫುಲ್‌ಬ್ರೈಟ್ ಅವರು ಅಮೆರಿಕ ಮತ್ತು ಯುರೋಪಿನ ಮಿತ್ರರಾಷ್ಟ್ರಗಳ ಸೇನಾ ಕೂಟವಾದ ನ್ಯಾಟೊದ ಅಣ್ವಸ್ತ್ರ ಚರ್ಚೆಯ ನಡುವೆಯೇ ಕೋಳಿಯ ಪ್ರಸ್ತಾಪವೆತ್ತಿ, ಯುರೋಪಿನಲ್ಲಿರುವ ಅಮೆರಿಕದ ಸೈನಿಕರ ಸಂಖ್ಯೆ ಕಡಿಮೆ ಮಾಡಬೇಕಾದೀತು ಎಂದು ಎಚ್ಚರಿಸಿದರು. ನಮ್ಮ ಕಾವಲು ಬೇಕಿದ್ದರೆ ನಮ್ಮ ಮಾಲನ್ನೂ ಕೊಳ್ಳಿ ಎಂಬ ಮಾತು ಅಂದೇ ಬಾಯಿಬಿಟ್ಟು ಬಂದಿತ್ತು.

ಮಾತುಕತೆ ಫಲಿಸದೆ, 1963ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸುವ ಅಂಟು ಪದಾರ್ಥ), ಬ್ರಾಂಡಿ ಮತ್ತು ಲಘು ಟ್ರಕ್ಕುಗಳ ಮೇಲೆ ಪ್ರತಿಸುಂಕ ವಿಧಿಸಿದರು; ಟ್ರಕ್ಕಿನ ದರ ಶೇ 25. ಟ್ರಕ್ಕಿನ ಸುಂಕದ ಗುರಿ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನ್. ಕೋಳಿಯ ಜಗಳವನ್ನು ಜನ ಮರೆತರು, ಉಳಿದ ಪದಾರ್ಥಗಳ ಸುಂಕವೂ ಕಾಲಕ್ರಮದಲ್ಲಿ ಹೋಯಿತು, ಟ್ರಕ್ಕಿನದು ಮಾತ್ರ ಉಳಿದುಕೊಂಡಿತು. ಸರಕು ವ್ಯಾನೂ ಆ ಲೆಕ್ಕದಲ್ಲಿ ಟ್ರಕ್ಕೇ. ಅದರಿಂದ ಏನಾಯಿತೆಂದು ನೋಡಿ. ಅಮೆರಿಕದ್ದೇ ಆದ ಫೋರ್ಡ್ ಕಂಪನಿ ಟರ್ಕಿಯಲ್ಲಿ ತಯಾರಾದ ತನ್ನ ಸರಕು ವ್ಯಾನುಗಳಿಗೆ ಹಿಂಬದಿಯ ಸೀಟು, ಕಿಟಕಿಗಳನ್ನು ಜೋಡಿಸಿ, ಪ್ರಯಾಣಿಕರ ವಾಹನವೆಂದು ಶೇ 2.5 ಸುಂಕ ಕಟ್ಟಿ, ಬಾಲ್ಟಿಮೋರ್ ಬಂದರಿನಲ್ಲಿ ಇಳಿಸುತ್ತಿತ್ತು. ಇಳಿಸಿದ ಮೇಲೆ ಅಲ್ಲಿನ ಕೆಲಸಗಾರರು ಆ ಹೊಚ್ಚ ಹೊಸ ಸೀಟುಗಳನ್ನು ಕಿತ್ತುಹಾಕಿ, ಗಾಜಿನ ಜಾಗಕ್ಕೆ ತಗಡು ಕೂರಿಸಿ, ಅದನ್ನು ಮತ್ತೆ ಸರಕು ವ್ಯಾನು ಮಾಡುತ್ತಿದ್ದರು. ಈ ಪ್ರಕರಣ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಡೆದು, 2024ರಲ್ಲಿ ಕಂಪನಿ 36.5 ಕೋಟಿ ಡಾಲರ್ ಕಟ್ಟಲು ಒಪ್ಪುವುದರೊಂದಿಗೆ ಮುಗಿಯಿತು. ಯಾರೂ ಒಮ್ಮೆಯೂ ಕೂರದ ಸೀಟುಗಳನ್ನು ಹೊಲಿದವರ ದುಡಿಮೆ, ಕಿತ್ತವರ ದುಡಿಮೆ ಎರಡೂ ಕೋಳಿ ಜಗಳಕ್ಕೆ ತೆತ್ತ ದಂಡವೆಂದೇ ನಾನು ಭಾವಿಸುತ್ತೇನೆ. ಕಾರ್ಖಾನೆಯಲ್ಲಿ ದುಡಿದವನಾದ ನನಗೆ ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಕೋಳಿಯ ನಂತರ ಡಾಲರಿನ ಸರದಿ ಬಂತು. ತಾನೇ ಅಚ್ಚು ಹಾಕುವ ನಾಣ್ಯದಲ್ಲಿ ಲೋಕದ ಸಾಲವನ್ನೆಲ್ಲ ತೀರಿಸುವ ಸವಲತ್ತು ಅಮೆರಿಕವೊಂದಕ್ಕೇ ಏಕೆಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ 1965ರಲ್ಲಿ ಬಹಿರಂಗವಾಗಿ ಪ್ರಶ್ನಿಸಿದರು. 1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ವಿದೇಶಿ ಸರ್ಕಾರಗಳ ಡಾಲರಿಗೆ ಬದಲಾಗಿ ಚಿನ್ನ ಕೊಡುವುದನ್ನು ನಿಲ್ಲಿಸಿ, ಅದರ ಜೊತೆಗೇ ಆಮದಿನ ಮೇಲೆ ಶೇ 10ರ ಹೆಚ್ಚುವರಿ ಸುಂಕ ಹೇರಿದರು. ಡಾಲರ್ ನಮ್ಮ ನಾಣ್ಯ, ಆದರೆ ಅದರ ಸಮಸ್ಯೆ ನಿಮ್ಮದು ಎಂದು ಅವರ ಹಣಕಾಸು ಕಾರ್ಯದರ್ಶಿ ಜಾನ್ ಕಾನಲಿ ಯುರೋಪಿನ ಪ್ರತಿನಿಧಿಗಳ ಮುಖಕ್ಕೇ ಹೇಳಿದರು. ಇಂದಿನ ನಾಯಕರ ಮಾತು ಒರಟು ಎನ್ನುವವರು ಈ ಮಾತನ್ನೂ ನೆನಪಿಡಬೇಕು.

ಹಾಗೆಂದು ತಪ್ಪೆಲ್ಲ ಅಮೆರಿಕದ್ದೇ ಎಂದು ನಾನು ಹೇಳುತ್ತಿಲ್ಲ. ಅಮೆರಿಕನ್ನರ ದೂರುಗಳಲ್ಲಿ ಹುರುಳಿದೆ. ದೇಶದ ಒಟ್ಟು ಉತ್ಪನ್ನದ (ಜಿಡಿಪಿ) ಶೇ 2ರಷ್ಟನ್ನು ರಕ್ಷಣೆಗೆ ವೆಚ್ಚ ಮಾಡುವ ಗುರಿಯನ್ನು 2014ರಲ್ಲಿ ನ್ಯಾಟೊ ರಾಷ್ಟ್ರಗಳೆಲ್ಲ ಒಪ್ಪಿದಾಗ ಅದನ್ನು ಮುಟ್ಟಿದ್ದವು ಅಮೆರಿಕ, ಬ್ರಿಟನ್, ಗ್ರೀಸ್ ಮೂರೇ. ಶ್ರೀಮಂತ ಜರ್ಮನಿ ಶೇ 1.2ರ ಆಸುಪಾಸಿನಲ್ಲಿತ್ತು. ನಾನಿದ್ದ ಕಾಲದಲ್ಲಿ ಕಾರ್ಖಾನೆಯ ಊಟದ ಮೇಜಿನಲ್ಲಿ ಅಮೆರಿಕವನ್ನು ಟೀಕಿಸುವುದು ದಿನನಿತ್ಯದ ಮಾತಾಗಿತ್ತು. ತಮ್ಮ ಕಾವಲಿನ ಖರ್ಚನ್ನು ಯಾರು ಭರಿಸುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಆ ಮೇಜಿನಲ್ಲಿ ಯಾರೂ ಎತ್ತಿದ್ದು ನೆನಪಿಲ್ಲ. ಸೈಬೀರಿಯಾದಿಂದ ಪಶ್ಚಿಮ ಯುರೋಪಿಗೆ ಅನಿಲ ತರುವ ಕೊಳವೆ ಮಾರ್ಗವನ್ನು 1982ರಲ್ಲಿ ಅಧ್ಯಕ್ಷ ರೇಗನ್ ತಡೆಯಹೊರಟಾಗ ಅವರ ಆಪ್ತಮಿತ್ರರಾಗಿದ್ದ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕೂಡ ತಿರುಗಿಬಿದ್ದರು, ಕೆಲವೇ ತಿಂಗಳಲ್ಲಿ ರೇಗನ್ ಹಿಂದೆ ಸರಿದರು. ರಷ್ಯಾದ ಅನಿಲವನ್ನೇ ನೆಚ್ಚಿಕೊಂಡದ್ದರ ಬೆಲೆ ಏನೆಂಬುದು 2022ರ ಉಕ್ರೇನ್ ಯುದ್ಧದ ನಂತರ ಯುರೋಪಿಗೆ ತಿಳಿಯಿತು.

ಆದರೆ ಅಮೆರಿಕದ ನಾಯಕರು ಲೆಕ್ಕ ಮಂಡಿಸುವ ರೀತಿ ಸರಿಯಲ್ಲ. ಯುರೋಪ್ ತಮ್ಮನ್ನು ಸುಲಿಯುತ್ತಿದೆ ಎನ್ನುವಾಗ ಅವರು ಸರಕುಗಳ ವಹಿವಾಟನ್ನಷ್ಟೇ ಎಣಿಸುತ್ತಾರೆ. 2024ರಲ್ಲಿ ಸರಕುಗಳ ವ್ಯಾಪಾರದಲ್ಲಿ ಯುರೋಪಿಗೆ ಸುಮಾರು 19,800 ಕೋಟಿ ಯೂರೊ ಮಿಗತೆ ಇದ್ದದ್ದು ನಿಜ. ಸಾಫ್ಟ್‌ವೇರ್, ಪೇಟೆಂಟ್, ಹಣಕಾಸು, ಜಾಹೀರಾತು ಮುಂತಾದ ಸೇವೆಗಳಲ್ಲಿ ಅಮೆರಿಕಕ್ಕೆ ಸುಮಾರು 14,800 ಕೋಟಿ ಯೂರೊ ಮಿಗತೆ ಇದ್ದದ್ದೂ ಅಷ್ಟೇ ನಿಜ. ಎರಡನ್ನೂ ಕೂಡಿ ಕಳೆದರೆ ಉಳಿಯುವ ಅಂತರ ಸುಮಾರು 5,000 ಕೋಟಿ ಯೂರೊ; ಆ ಎರಡು ಆರ್ಥಿಕತೆಗಳ ನಡುವಿನ ಒಟ್ಟು ವಹಿವಾಟಿನಲ್ಲಿ ಅದು ಶೇ 3ಕ್ಕಿಂತ ಕಡಿಮೆ. ಅಮೆರಿಕದ ಕಾರಿಗೆ ಯುರೋಪ್ ಶೇ 10 ಸುಂಕ ಹಾಕುತ್ತದೆ, ನಾವು ಹಾಕುವುದು ಶೇ 2.5 ಮಾತ್ರ ಎಂದು 2025ಕ್ಕೆ ಮೊದಲು ಅಮೆರಿಕನ್ನರು ಹೇಳುತ್ತಿದ್ದ ಹಳೆಯ ದೂರು ನ್ಯಾಯವಾದದ್ದೇ ಆಗಿತ್ತು. ಅದನ್ನು ಹೇಳುತ್ತಿದ್ದವರು ಟ್ರಕ್ಕಿನ ಶೇ 25ರ ಸುದ್ದಿ ಎತ್ತುತ್ತಿರಲಿಲ್ಲ.

ಋಣದ ಲೆಕ್ಕವೂ ಅಷ್ಟೇ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೊದ ಐದನೆಯ ವಿಧಿಯನ್ನು ಇದುವರೆಗೆ ಪ್ರಯೋಗಿಸಿರುವುದು ಒಮ್ಮೆ ಮಾತ್ರ, ಅದೂ 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಪರವಾಗಿ. ಅರವತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ಡೆನ್ಮಾರ್ಕ್ ಅಫ್ಗಾನಿಸ್ತಾನದಲ್ಲಿ ನಲವತ್ತಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತು. ಅದೇ ಡೆನ್ಮಾರ್ಕ್‌ನ ಆಡಳಿತಕ್ಕೆ ಸೇರಿದ ಗ್ರೀನ್‌ಲ್ಯಾಂಡ್ ತಮಗೆ ಬೇಕು ಎಂದು ಅಮೆರಿಕದ ಅಧ್ಯಕ್ಷರು ಹೇಳಿದಾಗ ಅಲ್ಲಿನವರಿಗೆ ಆದ ನೋವನ್ನು ಸುಂಕದ ದರದಲ್ಲಿ ಅಳೆಯಲಾಗದು.

ನಾನು ಬಾಡಿಗೆಗಿದ್ದ ಮನೆ ಸ್ಟುಟ್‌ಗಾರ್ಟ್‌ನ ಫೈಹಿಂಗನ್ ಬಡಾವಣೆಯಲ್ಲಿತ್ತು. ಯುರೋಪಿನಲ್ಲಿರುವ ಅಮೆರಿಕದ ಸೇನೆಯ ಮುಖ್ಯ ಕಚೇರಿ ಇರುವುದೂ ಅಲ್ಲಿಯೇ. ಮನೆಯೊಡತಿ ಯುದ್ಧ ಮುಗಿದಾಗ ಏಳೆಂಟು ವರ್ಷದ ಹುಡುಗಿ. ಅಮೆರಿಕದಿಂದ ಬಂದ ಕೇರ್ ಪೊಟ್ಟಣದಲ್ಲಿ (ಯುದ್ಧಾನಂತರ ಹಸಿದವರಿಗೆ ಕಳಿಸುತ್ತಿದ್ದ ಆಹಾರದ ನೆರವಿನ ಕಟ್ಟು) ಇದ್ದ ಹಾಲಿನ ಪುಡಿ ಮುಗಿದ ಮೇಲೆ ಆ ಡಬ್ಬಿಯನ್ನು ಅವರ ತಾಯಿ ಗುಂಡಿ, ಸೂಜಿ ದಾರ ಇಡಲು ಇಟ್ಟುಕೊಂಡಿದ್ದರಂತೆ. ನಾನಿದ್ದಾಗಲೂ ಅದು ಹೊಲಿಗೆ ಯಂತ್ರದ ಪಕ್ಕದಲ್ಲೇ ಇತ್ತು, ಮುಚ್ಚಳದ ಅಂಚು ತುಕ್ಕು ಹಿಡಿದಿತ್ತು. 2003ರ ಫೆಬ್ರುವರಿಯಲ್ಲಿ ಇರಾಕ್ ಯುದ್ಧವನ್ನು ವಿರೋಧಿಸಿ ಆ ಹಿರಿಯರು ಕೊರೆಯುವ ಚಳಿಯಲ್ಲಿ ಮೆರವಣಿಗೆಗೆ ಹೋಗಿಬಂದರು. ಅದೇ ದಿನಗಳಲ್ಲಿ ವಾಷಿಂಗ್ಟನ್ನಿನಲ್ಲಿ ರಕ್ಷಣಾ ಕಾರ್ಯದರ್ಶಿ ರಮ್ಸ್‌ಫೆಲ್ಡ್ ಜರ್ಮನಿ ಮತ್ತು ಫ್ರಾನ್ಸ್ ಅನ್ನು ‘ಹಳೆಯ ಯುರೋಪ್’ ಎಂದು ಹೀಗಳೆದಿದ್ದರು. ನಿಮಗೆ ಅನ್ನ ಕೊಟ್ಟವರ ವಿರುದ್ಧವೇ ಹೋಗಿದ್ದಿರಾ ಎಂದು ನಾನು ಸಲುಗೆಯಿಂದ ಕೇಳಿದಾಗ, ಅನ್ನ ಕೊಟ್ಟವರು ತಪ್ಪು ದಾರಿ ಹಿಡಿದರೆ ಹೇಳಬೇಕಾದವರು ಉಂಡವರೇ ಅಲ್ಲವೇ ಎಂದರು. ಅವರಲ್ಲಿ ದ್ವೇಷವಿರಲಿಲ್ಲ. ಎರಡೂ ಕಡೆಯ ನಾಯಕರಿಗೆ ಇಂದು ಇಲ್ಲದಿರುವುದು ಆ ಸಲುಗೆಯೇ ಎಂದು ನನಗನಿಸುತ್ತದೆ.

2025ರ ಜುಲೈ 27ರಂದು ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ಟ್ರಂಪ್ ಮತ್ತು ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೆಯೆನ್ ಅವರ ನಡುವೆ ಆದ ಒಪ್ಪಂದದಲ್ಲಿ ಯುರೋಪಿನ ಬಹುತೇಕ ಸರಕುಗಳಿಗೆ ಶೇ 15 ಸುಂಕ ನಿಗದಿಯಾಯಿತು. ಯುರೋಪ್ ಅಮೆರಿಕದಿಂದ 75,000 ಕೋಟಿ ಡಾಲರ್ ಮೌಲ್ಯದ ಇಂಧನ ಖರೀದಿಸುವ ಮಾತೂ ಬಂತು. ಇದು ವ್ಯಾಪಾರವೊಂದರ ವಿಷಯವಲ್ಲ, ಭದ್ರತೆಯ ಮತ್ತು ಉಕ್ರೇನಿನ ವಿಷಯವೂ ಹೌದೆಂದು ಒಕ್ಕೂಟದ ವ್ಯಾಪಾರ ಆಯುಕ್ತ ಮಾರೊಶ್ ಶೆಫ್ಚೊವಿಚ್ ಅವರೇ ಮರುದಿನ ಹೇಳಿದರು. ಕೋಳಿ ಜಗಳದ ಕಾಲದಲ್ಲಿ ಫುಲ್‌ಬ್ರೈಟ್ ಹೇಳಿದ ಮಾತನ್ನು ಈ ಬಾರಿ ಯುರೋಪಿನವರೇ ಒಪ್ಪಿಕೊಂಡಂತಾಯಿತು. ಅದಾದ ಒಂದೇ ತಿಂಗಳಿಗೆ, ರಷ್ಯಾದ ತೈಲ ಕೊಂಡದ್ದಕ್ಕಾಗಿ ಭಾರತದ ಮೇಲೂ ಶೇ 25ರ ಹೆಚ್ಚುವರಿ ಸುಂಕ ಬಿತ್ತು. ಯುದ್ಧನೀತಿಯ ಭಿನ್ನಾಭಿಪ್ರಾಯವನ್ನು ಸುಂಕದ ಕಟ್ಟೆಯಲ್ಲಿ ವಸೂಲು ಮಾಡುವ ಅದೇ ರೂಢಿ ನಮ್ಮ ಮನೆ ಬಾಗಿಲಿಗೂ ಬಂದಿತು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿಗಳು. ಅಮೆರಿಕ–ಯುರೋಪ್ ವ್ಯಾಪಾರದ ಕೊರತೆಯ ಅಂಕಿಅಂಶ ಪ್ರಕಟಿಸುವಾಗ ಸರಕಿನ ಜೊತೆಗೆ ಸೇವೆಗಳ ಅಂಕಿಯನ್ನೂ ಅದೇ ವಾಕ್ಯದಲ್ಲಿ ಕೊಡಿ. ಹೊಸ ಸುಂಕ ಘೋಷಣೆಯಾದ ದಿನ ಅಧ್ಯಕ್ಷರ ಚಿತ್ರದ ಪಕ್ಕದಲ್ಲಿ, ಹಿಂದೆ ಇಂಥದೇ ಜಗಳದಲ್ಲಿ ಹಾಕಿದ ಯಾವ ಯಾವ ಸುಂಕ ಇನ್ನೂ ಜಾರಿಯಲ್ಲಿದೆ ಎಂಬುದನ್ನು ನಾಲ್ಕು ಸಾಲಿನಲ್ಲಾದರೂ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಓದುಗ, ಧಾರವಾಡ